ಸದ್ದಿನ ವೈರು, ಸುದ್ದಿಯ ವೈರು: ಮನೆಯಲ್ಲಿ ಡಿಜಿಟಲ್ ಪಿಯಾನೊ ಜೋಡಿಸುವ ಬಗೆ

ಡಿಜಿಟಲ್ ಪಿಯಾನೊದ ಬಾಕ್ಸ್ ಬಿಚ್ಚುವುದು ಸುಲಭ. ಅದರ ಹಿಂಬದಿ ತಿರುಗಿಸಿ ನೋಡಿದಾಗ ತಲೆಬಿಸಿ ಶುರುವಾಗುತ್ತದೆ. ಒಂದು ಸಣ್ಣ ದುಂಡು ತೂತು, ಒಂದು ಚೌಕ ತೂತು, ಹೆಡ್‌ಫೋನಿಗೆ ಒಂದು, ಪೆಡಲ್‌ಗೆ ಇನ್ನೊಂದು. ಯಾವುದಕ್ಕೆ ಯಾವ ವೈರು? ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಮಗಳಿಗೆಂದು ಪಿಯಾನೊ ತಂದಾಗ ನಾನು ಒಂದು ವಾರ ಇದೇ ಗೊಂದಲದಲ್ಲಿದ್ದೆ. ಹೇಳಿಕೊಡುವವರು ಯಾರೂ ಹತ್ತಿರದಲ್ಲಿ ಸಿಗಲಿಲ್ಲ. ಪೇಟಿ (ಹಾರ್ಮೋನಿಯಂ) ರಿಪೇರಿ ಮಾಡುವವರಿಗೆ ಯುಎಸ್‌ಬಿ ಹೊಸದು. ಕಂಪ್ಯೂಟರ್ ಅಂಗಡಿಯವರಿಗೆ ಸ್ವರ ಹೊಸದು.

ನಮ್ಮ ಮನೆಯಲ್ಲಿ ಸಂಗೀತ ಎಂದರೆ ಮಾವನವರ ಪೇಟಿ. ಹಳೆ ಊರು ಮುಳುಗಡೆಯಾದಾಗ ಅಲ್ಲಿಂದ ಹೊತ್ತು ತಂದ ಸಾಮಾನುಗಳಲ್ಲಿ ಅದೂ ಒಂದು. ಅದಕ್ಕೆ ವೈರೂ ಬೇಡ, ಕರೆಂಟೂ ಬೇಡ. ನಾನು ಪಿಯಾನೊದ ಸುತ್ತ ವೈರು ಹರಡಿಕೊಂಡು ಕೂತಿದ್ದನ್ನು ನೋಡಿ ಅವರು ಕೇಳಿದರು: “ಯವ್ವಾ, ಇಷ್ಟೆಲ್ಲಾ ವೈರಿನ್ಯಾಗ ಸ್ವರ ಯಾವುದರಾಗ ಹೋಗತೈತಿ?”

ಆ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ಉತ್ತರ ಹುಡುಕುತ್ತ ಹೋದಾಗ ಗೊತ್ತಾಗಿದ್ದು ಇಷ್ಟು: ಪಿಯಾನೊದಿಂದ ಹೊರಗೆ ಹೋಗುವ ವೈರುಗಳಲ್ಲಿ ಎರಡೇ ಜಾತಿ. ಒಂದು ಸದ್ದನ್ನು ಒಯ್ಯುತ್ತದೆ. ಇನ್ನೊಂದು ಸುದ್ದಿಯನ್ನು ಒಯ್ಯುತ್ತದೆ. ಹೆಡ್‌ಫೋನ್, ಸ್ಪೀಕರ್, ಆಂಪ್ಲಿಫೈಯರ್‌ಗೆ ಹೋಗುವುದು ಸದ್ದು. ಯುಎಸ್‌ಬಿ ವೈರಿನಲ್ಲಿ ಫೋನಿಗೋ ಕಂಪ್ಯೂಟರಿಗೋ ಹೋಗುವುದು ಬಹುತೇಕ ಸುದ್ದಿ ಮಾತ್ರ: “ಈ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು” ಅಂತ. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಜಾಗ

88 ಕೀಗಳ ಪಿಯಾನೊ ಸುಮಾರು 1.3 ಮೀಟರ್ ಉದ್ದ ಇರುತ್ತದೆ. ಯಮಾಹಾ ಪಿ-45 ನಂಥ ಹಗುರ ಮಾಡೆಲ್ 11.5 ಕೆ.ಜಿ. ತೂಗುತ್ತದೆ. ಒಬ್ಬರೇ ಎತ್ತಬಹುದು, ಆದರೆ ಉದ್ದ ಜಾಸ್ತಿ ಇರುವುದರಿಂದ ಮೂಲೆ ಬಾಗಿಲಿಗೆ ಬಡಿಯುತ್ತದೆ. ಇಬ್ಬರು ಹಿಡಿಯುವುದೇ ಒಳ್ಳೆಯದು.

ಊಟದ ಟೇಬಲ್ ಮೇಲೆ ಇಡಬೇಡಿ. ಟೇಬಲ್ಲೇ 75 ಸೆಂ.ಮೀ. ಎತ್ತರ, ಅದರ ಮೇಲೆ ಪಿಯಾನೊದ ದಪ್ಪ ಸೇರಿದರೆ ಮಕ್ಕಳ ಭುಜ ಕಿವಿಯ ತನಕ ಏರುತ್ತದೆ. ಕೀಗಳ ಮೇಲ್ಭಾಗ ನೆಲದಿಂದ 72ರಿಂದ 75 ಸೆಂ.ಮೀ. ಒಳಗೆ ಬರಬೇಕು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಇರಬೇಕು. ಚಿಕ್ಕ ಮಕ್ಕಳಿಗೆ ಸ್ಟ್ಯಾಂಡ್ ಇಳಿಸುವ ಬದಲು ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ, ಕಾಲ ಕೆಳಗೆ ಮಣೆ ಇಡಿ. ಕಾಲು ಗಾಳಿಯಲ್ಲಿ ತೂಗಾಡಿದರೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ.

ಭಜನೆಗೆ ನೆಲದ ಮೇಲೆ ಕೂತು ನುಡಿಸುವುದಾದರೆ ಪಿಯಾನೊವನ್ನು ನೇರ ಜಮಖಾನದ ಮೇಲೆ ಇಡಬೇಡಿ. ಬಹಳ ಮಾಡೆಲ್‌ಗಳಲ್ಲಿ ಸ್ಪೀಕರ್ ಕೆಳಮುಖ ಇರುತ್ತದೆ. ಬಟ್ಟೆಗೆ ತಾಗಿದರೆ ಬಾಯಿ ಮುಚ್ಚಿದ ಹಾಗೆ ಕೇಳಿಸುತ್ತದೆ. ಎರಡು ತುದಿಗೆ ಎರಡು ಮಣೆ ಇಟ್ಟು ಅದರ ಮೇಲೆ ಕೂರಿಸಿ.

ಗೋಡೆಗೂ ಪಿಯಾನೊಗೂ ನಡುವೆ ಒಂದು ಗೇಣು ಜಾಗ ಬಿಡಿ. ನಮ್ಮ ಕಡೆಯ ಆರ್‌ಸಿಸಿ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬೋಳು ಗೋಡೆ, ನುಣುಪಾದ ಫರಸಿ. ಸದ್ದು ಬಡಿದು ವಾಪಸ್ ಬಂದು ಕಿವಿಗೆ ಕರ್ಕಶವಾಗುತ್ತದೆ. ನಾವು ಎದುರು ಗೋಡೆಗೆ ಅತ್ತೆಯವರು ಹೊಲಿದ ಒಂದು ಕೌದಿ ತೂಗುಹಾಕಿದೆವು, ಸ್ಟ್ಯಾಂಡ್ ಕೆಳಗೆ ಜಮಖಾನ ಹಾಸಿದೆವು. ಅದೇ ಪಿಯಾನೊ ಬೇರೆಯದರ ಹಾಗೆ ಕೇಳಿಸಿತು. ಜಮಖಾನದಿಂದ ಇನ್ನೊಂದು ಲಾಭವಿದೆ. ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೂ ಕೀ ಬೀಳುವ ದಪ್ ದಪ್ ಸದ್ದು ಸ್ಟ್ಯಾಂಡಿನ ಕಾಲಿನಿಂದ ಇಳಿದು ಕೆಳಗಿನ ಮನೆಯವರಿಗೆ ಕೇಳಿಸುತ್ತದೆ. ಅದು ಕಡಿಮೆಯಾಗುತ್ತದೆ.

ಕರೆಂಟು

ಇದರಲ್ಲಿ ನಾನು ತಪ್ಪು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪಿಯಾನೊ ಜೊತೆ ಬಂದ ಅಡಾಪ್ಟರ್ ಒಂದು ಬೇಸಿಗೆಯಲ್ಲಿ ಕೆಟ್ಟಿತು. ಮನೆಯಲ್ಲಿ ವೈಫೈ ರೌಟರಿನ ಹಳೆ ಅಡಾಪ್ಟರ್ ಇತ್ತು. ಅದರ ಮೇಲೂ 12 ವೋಲ್ಟ್ ಅಂತಲೇ ಇತ್ತು, ಪಿನ್ನೂ ಸರಿಯಾಗಿ ಕೂತಿತು. ಲೈಟ್ ಹತ್ತಿತು, ಸ್ವರ ಬಂತು. ಆದರೆ ಮಗಳು ವಾಲ್ಯೂಮ್ ಏರಿಸಿ ಎರಡೂ ಕೈಯಲ್ಲಿ ಜೋರಾಗಿ ನುಡಿಸಿದ ಕೂಡಲೇ ಆಫ್ ಆಗುತ್ತಿತ್ತು. ಪಿಯಾನೊ ಕೆಟ್ಟಿತು ಅಂತ ಎರಡು ದಿನ ಮನೆಯಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ತಪ್ಪು ಆಂಪಿಯರ್‌ನಲ್ಲಿತ್ತು. ಪಿಯಾನೊಗೆ 1.5 ಆಂಪಿಯರ್ ಬೇಕಿತ್ತು, ರೌಟರಿನದು ಕೊಡುತ್ತಿದ್ದದ್ದು 0.5.

ಹೀಗಾಗಿ ಬೇರೆ ಅಡಾಪ್ಟರ್ ತರುವಾಗ ಮೂರು ನೋಡಿ. ವೋಲ್ಟ್ ಅಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು ಹೊಂದಬೇಕು. ಮೂರನೆಯದನ್ನು ಅಡಾಪ್ಟರ್ ಮೇಲೂ ಪಿಯಾನೊದ ತೂತಿನ ಪಕ್ಕದಲ್ಲೂ ಒಂದು ಚಿಕ್ಕ ಚಿತ್ರವಾಗಿ ಹಾಕಿರುತ್ತಾರೆ: ನಡುವೆ ಚುಕ್ಕೆ, ಸುತ್ತ ಅರ್ಧ ಬಳೆ, ಎರಡು ಕಡೆ ಪ್ಲಸ್ ಮತ್ತು ಮೈನಸ್ ಗುರುತು. ಎರಡು ಚಿತ್ರವೂ ಒಂದೇ ಥರ ಇರಬೇಕು. ಆಗುವುದಾದರೆ ಕಂಪನಿಯದ್ದನ್ನೇ ತರಿಸಿ.

ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿದ್ದರೆ ವೋಲ್ಟೇಜ್ ಇಳಿದಾಗ ಅಷ್ಟು ಭಯವಿಲ್ಲ. ಕರೆಂಟ್ ಹೋಗಿ ವಾಪಸ್ ಬರುವ ಗಳಿಗೆಯಲ್ಲಿ ಒಮ್ಮೆಲೇ ಏರುತ್ತದಲ್ಲ, ಭಯ ಅದರದು. ಮಳೆ ಗುಡುಗಿನ ಸಂಜೆ ನುಡಿಸದೆ ಇದ್ದಾಗ ಪ್ಲಗ್ ತೆಗೆದಿಡಿ. ಇಂಥ ಏರಿಕೆ (ಸರ್ಜ್) ತಡೆಯುವ ಎಕ್ಸ್‌ಟೆನ್ಷನ್ ಬೋರ್ಡ್ ಒಂದು ಇದ್ದರೆ ಇನ್ನೂ ಒಳ್ಳೆಯದು. ಇನ್ವರ್ಟರ್ ಮೇಲೆ ನುಡಿಸಿದಾಗ ಸ್ಪೀಕರಿನಲ್ಲಿ ಗುಂಯ್ ಅಂತ ಬಂದರೆ ಆ ಇನ್ವರ್ಟರ್ ಸ್ಕ್ವೇರ್ ವೇವ್ ಇರಬಹುದು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಿರಿಕಿರಿ ಇರುವುದಿಲ್ಲ. ವಿದೇಶದಿಂದ ಬಂಧುಗಳು ತಂದುಕೊಟ್ಟ ಪಿಯಾನೊ ಆಗಿದ್ದರೆ ಪ್ಲಗ್ ಹಾಕುವ ಮುಂಚೆಯೇ ಲೇಬಲ್ ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಇನ್ನೊಂದು ವಿಷಯ. ಸುಮ್ನೆ ಬಿಟ್ಟರೆ ಪಿಯಾನೊ ತಾನೇ ಆಫ್ ಆಗುವುದು ದೋಷವಲ್ಲ. ಎಷ್ಟೋ ಮಾಡೆಲ್‌ಗಳು ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಹೀಗೆ ಮಾಡುತ್ತವೆ. ಭಜನೆಯ ನಡುವೆ ಪ್ರವಚನ ಉದ್ದವಾದರೆ ಇದು ತೊಂದರೆ ಕೊಡುತ್ತದೆ. ಯಮಾಹಾ ಪಿ-45 ರಲ್ಲಿ ಎಡತುದಿಯ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಈ ವ್ಯವಸ್ಥೆ ನಿಲ್ಲುತ್ತದೆ. ಬೇರೆಯವುಗಳಲ್ಲಿ ಸೆಟ್ಟಿಂಗ್ ಬೇರೆ. ಬಟನ್ ಕಡಿಮೆ ಇರುವ ಪಿಯಾನೊಗಳಲ್ಲಿ ಹೀಗೆ ಕೀಗಳೇ ಬಟನ್ ಕೆಲಸ ಮಾಡುತ್ತವೆ. ಅದಕ್ಕೇ ಮ್ಯಾನುಯಲ್‌ನ ಪಿಡಿಎಫ್ ಫೋನಿನಲ್ಲಿ ಇಟ್ಟುಕೊಳ್ಳಿ, ಕಂಪನಿಯ ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ.

ಪೆಡಲ್

ಪೆಡಲ್ ಪಿನ್ ಹಾಕುವುದು ಪಿಯಾನೊ ಆಫ್ ಇದ್ದಾಗ. ಆನ್ ಮಾಡುವಾಗ ಪೆಡಲ್ ಮೇಲೆ ಕಾಲು ಇರಬಾರದು. ಆನ್ ಆಗುವ ಹೊತ್ತಿಗೆ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ಎಷ್ಟೋ ಪಿಯಾನೊಗಳು “ಬಿಟ್ಟ ಸ್ಥಿತಿ” ಎಂದು ತಿಳಿದುಕೊಳ್ಳುತ್ತವೆ. ಕಾಲಿಟ್ಟು ಆನ್ ಮಾಡಿದರೆ ಎಲ್ಲ ತಿರುವುಮುರುವು: ಒತ್ತಿದಾಗ ಸ್ವರ ನಿಲ್ಲುತ್ತದೆ, ಬಿಟ್ಟಾಗ ಉದ್ದಕ್ಕೂ ಮೊಳಗುತ್ತದೆ. ಆಫ್ ಮಾಡಿ ಕಾಲು ತೆಗೆದು ಮತ್ತೆ ಆನ್ ಮಾಡಿ, ಅಷ್ಟೇ. ಬೇರೆ ಕಂಪನಿಯ ಪೆಡಲ್ ಆಗಿದ್ದರೆ ಅದರ ಹೊಟ್ಟೆಯ ಕೆಳಗೆ ಒಂದು ಚಿಕ್ಕ ಸ್ವಿಚ್ ಇದೆಯೇ ನೋಡಿ, ಅದೂ ಇದೇ ಕೆಲಸಕ್ಕೆ.

ಫರಸಿಯ ಮೇಲೆ ಪೆಡಲ್ ಜಾರುತ್ತದೆ. ಬಾಗಿಲ ಮುಂದೆ ಹಾಕುವ ರಬ್ಬರ್ ಮ್ಯಾಟ್ ತುಂಡು ಒಂದು ಸಾಕು.

ಸದ್ದಿನ ವೈರು

ಮೊದಲು ಹೆಡ್‌ಫೋನ್. ಪಿಯಾನೊದ ತೂತು ದೊಡ್ಡದಿದ್ದರೆ 6.35 ಮಿ.ಮೀ., ಚಿಕ್ಕದಿದ್ದರೆ ಫೋನಿನದೇ 3.5 ಮಿ.ಮೀ. ದೊಡ್ಡ ತೂತಿಗೆ ಚಿಕ್ಕ ಪಿನ್ ಹಾಕಲು ಒಂದು ಕನ್ವರ್ಟರ್ ಬೇಕು. ತರುವಾಗ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಸ್ಟೀರಿಯೊ, ಒಂದೇ ಇದ್ದರೆ ಮೋನೊ. ನಾನು ಮೊದಲ ಸಲ ಒಂದು ಗೆರೆಯದ್ದನ್ನು ತಂದೆ, ಒಂದೇ ಕಿವಿಯಲ್ಲಿ ಸದ್ದು ಬಂತು. ಹೆಡ್‌ಫೋನ್ ತೂತಿಗೆ ಯಾವಾಗಲೂ ಎರಡು ಗೆರೆಯ ಪಿನ್ನೇ ಹಾಕಿ. ಮೋನೊ ಪಿನ್ ಹಾಕಿದರೆ ಒಂದು ಬದಿಯ ಸದ್ದಿನ ದಾರಿ ಒಳಗೇ ಶಾರ್ಟ್ ಆಗುತ್ತದೆ.

ಹೆಡ್‌ಫೋನ್ ಹಾಕಿದ ಕೂಡಲೇ ಪಿಯಾನೊದ ಸ್ವಂತ ಸ್ಪೀಕರ್ ನಿಲ್ಲುತ್ತದೆ. ರಾತ್ರಿ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮಕ್ಕಳು ವಾಲ್ಯೂಮ್ ಏರಿಸುತ್ತ ಹೋಗುತ್ತಾರೆ, ಅರ್ಧಕ್ಕಿಂತ ಕೆಳಗೇ ಇರಿಸುವ ರೂಢಿ ಮೊದಲ ದಿನದಿಂದ ಮಾಡಿಸಿ.

ಹೊರಗಿನ ಸ್ಪೀಕರ್ ಬೇಕೆಂದರೆ ಪಿಯಾನೊದಲ್ಲಿ ಲೈನ್ ಔಟ್, ಅಂದರೆ ಸದ್ದು ಹೊರಗೆ ಕೊಡುವ ತೂತು, ಇದೆಯೇ ನೋಡಿ. ಇದ್ದರೆ ಎಡ ಮತ್ತು ಬಲ ಅಂತ ಎರಡು ತೂತು ಇರುತ್ತವೆ. ಕಡಿಮೆ ಬೆಲೆಯ ಪಿಯಾನೊಗಳಲ್ಲಿ ಇರುವುದಿಲ್ಲ, ಆಗ ಹೆಡ್‌ಫೋನ್ ತೂತಿನಿಂದಲೇ ತೆಗೆಯಬೇಕು. ಮನೆಯ ಮ್ಯೂಸಿಕ್ ಸಿಸ್ಟಂಗೆ ಒಂದು ಕಡೆ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಕೆಂಪು ಬಿಳಿ ಪಿನ್ ಇರುವ ವೈರು ಸಾಕು. ಹಾಕುವ ಕ್ರಮ ಹೀಗೆ: ಎಲ್ಲ ಆಫ್ ಇರಲಿ, ವೈರು ಹಾಕಿ, ವಾಲ್ಯೂಮ್ ಎರಡೂ ಕಡೆ ಸೊನ್ನೆಗೆ ಇಳಿಸಿ, ಮೊದಲು ಪಿಯಾನೊ ಆನ್ ಮಾಡಿ, ಆಮೇಲೆ ಸ್ಪೀಕರ್. ಪಿಯಾನೊದ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಸ್ಪೀಕರಿನದನ್ನು ನಿಧಾನ ಏರಿಸಿ. ಮುಗಿದ ಮೇಲೆ ಮೊದಲು ಆಫ್ ಆಗಬೇಕಾದ್ದು ಸ್ಪೀಕರ್. ಈ ಕ್ರಮ ತಪ್ಪಿದರೆ ಸ್ಪೀಕರಿನಲ್ಲಿ ಧಡ್ ಅಂತ ಬಡಿಯುತ್ತದೆ. ದಿನಾ ಹಾಗೆ ಬಡಿದರೆ ಸ್ಪೀಕರಿಗೆ ಒಳ್ಳೆಯದಲ್ಲ.

ಗುಡಿಯ ಆಂಪ್ಲಿಫೈಯರ್‌ಗೆ ಜೋಡಿಸುವಾಗ ಮೈಕಿನ ತೂತಿಗೆ ಹಾಕಬೇಡಿ. ಮೈಕಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಅದನ್ನು ನೂರಾರು ಪಟ್ಟು ಹಿಗ್ಗಿಸಲೆಂದೇ ಆ ತೂತು ಇರುವುದು. ಪಿಯಾನೊದ ಸಿಗ್ನಲ್ ಮೊದಲೇ ದೊಡ್ಡದು. ಮೈಕಿನ ದಾರಿಯಲ್ಲಿ ಹೋದರೆ ಒಡೆದ ತಗಡಿನಂತೆ ಕೇಳಿಸುತ್ತದೆ. ಆಕ್ಸ್ ಅಥವಾ ಲೈನ್ ಅಂತ ಬರೆದ ತೂತಿಗೆ ಹಾಕಿ. ಲೈನ್ ಔಟ್ ಇರುವ ಪಿಯಾನೊ ಆದರೆ ಎಲ್/ಮೋನೊ ಅಂತ ಬರೆದಿದ್ದರಿಂದ ಒಂದೇ ವೈರು ತೆಗೆದರೂ ಪೂರ್ತಿ ಸದ್ದು ಬರುತ್ತದೆ.

ಗುಂಯ್‌ಗುಟ್ಟುವ ಸದ್ದು ಬಂದರೆ ಪಿಯಾನೊ, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎಲ್ಲದಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಸದ್ದು ನಿಂತರೆ ಕಾರಣ ಆ ಚಾರ್ಜರೇ.

ಈಗ ಬ್ಲೂಟೂತ್ ಸ್ಪೀಕರ್. ಮನೆಯಲ್ಲಿ ಇದ್ದೇ ಇರುತ್ತದೆ, ಯಾಕೆ ಉಪಯೋಗಿಸಬಾರದು ಅಂತ ಅನ್ನಿಸುತ್ತದೆ. ಶ್ರಾವಣದ ಒಂದು ಸೋಮವಾರ ಮನೆಯ ಭಜನೆಗೆ ನಾನೂ ಹಾಗೇ ಮಾಡಿದೆ. ಹೆಡ್‌ಫೋನ್ ತೂತಿಗೆ ಒಂದು ಚಿಕ್ಕ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಕ್ಕಿಸಿ ಸ್ಪೀಕರಿಗೆ ಕಳಿಸಿದೆ. ಎರಡನೇ ಪದಕ್ಕೆ ತಬಲಾದವರು ಕೈ ನಿಲ್ಲಿಸಿದರು. “ಅಕ್ಕಾರ, ನಿಮ್ಮ ಸ್ವರ ತಬಲಾದ ಹಿಂದ ಬೀಳಾಕತ್ತಾವ್ರಿ” ಅಂದರು. ನನ್ನ ಬೆರಳು ತಡವಾಗಿರಲಿಲ್ಲ. ಬ್ಲೂಟೂತಿನಲ್ಲಿ ಸದ್ದು ಮಡಚಿಕೊಂಡು ಹೋಗಿ, ಆ ಕಡೆ ಮತ್ತೆ ಬಿಚ್ಚಿಕೊಳ್ಳಬೇಕು. ಅಷ್ಟರಲ್ಲಿ 150ರಿಂದ 200 ಮಿಲಿಸೆಕೆಂಡ್ ಕಳೆಯುವುದು ಸಾಮಾನ್ಯ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಇದು ಸ್ಪೀಕರನ್ನು 50–70 ಮೀಟರ್ ದೂರ ಇಟ್ಟು ನುಡಿಸಿದ ಹಾಗೆ. ಹಾಡು ಕೇಳಲು ಬ್ಲೂಟೂತ್ ಚೆನ್ನ. ನುಡಿಸಲು ವೈರೇ ಬೇಕು.

ಪಿಯಾನೊದಲ್ಲೇ ಬ್ಲೂಟೂತ್ ಇದೆ ಅಂತ ಬಾಕ್ಸಿನ ಮೇಲೆ ಬರೆದಿದ್ದರೂ ಬ್ಲೂಟೂತ್ ಹೆಡ್‌ಫೋನ್ ಅದಕ್ಕೆ ಸೇರದಿರಬಹುದು. ಬ್ಲೂಟೂತ್ ಆಡಿಯೊ ಅಂದರೆ ಸಾಮಾನ್ಯವಾಗಿ ಫೋನಿನ ಹಾಡು ಪಿಯಾನೊದ ಸ್ಪೀಕರಿಗೆ ಬರುವ ದಾರಿ, ಒಳಮುಖದ್ದು. ಬ್ಲೂಟೂತ್ ಮಿಡಿ ಅಂದರೆ ಸುದ್ದಿ ಹೋಗುವ ದಾರಿ. ಕೊಳ್ಳುವ ಮುಂಚೆ ಯಾವುದು ಇದೆ ಅಂತ ಕೇಳಿ.

ಇದೇ ಜಾಗದಲ್ಲಿ ರಿವರ್ಬ್ ಬಗ್ಗೆ ಒಂದು ಮಾತು. ವಿಜಯಪುರದ ಗೋಲ ಗುಮ್ಮಟದ ಒಳಗೆ ಚಪ್ಪಾಳೆ ತಟ್ಟಿದವರಿಗೆ ಗೊತ್ತು, ಒಂದೇ ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ದೊಡ್ಡ ಕಟ್ಟಡದಲ್ಲಿ ನುಡಿಸಿದ ಹಾಗೆ ಸದ್ದಿಗೆ ಬಾಲ ಸೇರಿಸುವುದೇ ರಿವರ್ಬ್. ಕೇಳಲು ಹಿತ, ಅಭ್ಯಾಸಕ್ಕೆ ಮೋಸ. ಬೆರಳು ತಪ್ಪಿದ್ದು, ತಾಳ ಜಾರಿದ್ದು ಅದರಡಿ ಮುಚ್ಚಿಹೋಗುತ್ತದೆ. ಮಗಳು ಅಭ್ಯಾಸ ಮಾಡುವಾಗ ನಾನು ರಿವರ್ಬ್ ಪೂರ್ತಿ ಆಫ್ ಮಾಡಿಸುತ್ತೇನೆ. ಅತಿಥಿಗಳು ಬಂದಾಗ ಬೇಕಾದರೆ ಹಾಲ್ ಅಂತ ಇಟ್ಟುಕೊಳ್ಳಲಿ.

ಸುದ್ದಿಯ ವೈರು

ಪಿಯಾನೊದ ಚೌಕ ತೂತು ನೋಡಿದ್ದೀರಲ್ವಾ, ಅದು ಪ್ರಿಂಟರಿನಲ್ಲಿ ಇರುವಂಥದ್ದೇ. ವೈರೂ ಪ್ರಿಂಟರಿನದೇ ಸಾಕು, ಮೂರು ಮೀಟರಿಗಿಂತ ಉದ್ದ ಬೇಡ. ಇದರಲ್ಲಿ ಹೋಗುವುದು ಮಿಡಿ. 1983ರಲ್ಲಿ ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದಕ್ಕೊಂದು ಮಾತಾಡಲೆಂದು ಬಂದ ಭಾಷೆ ಇದು. ಇವತ್ತಿಗೂ ಎಲ್ಲ ಕಂಪನಿಗಳೂ ಅದನ್ನೇ ಆಡುತ್ತವೆ.

ಭಾಷೆ ಬಹಳ ಸರಳ. ಪ್ರತಿ ಕೀಗೂ ಒಂದು ನಂಬರ್. ಪಿಯಾನೊದ ನಡುವಿನ ಸಿ 60. ಎಡತುದಿಯ ಕೀ 21, ಬಲತುದಿಯದು 108. ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದಕ್ಕೆ 1ರಿಂದ 127ರ ವರೆಗೆ ಅಂಕ. ಪೆಡಲ್‌ಗೆ 64ನೇ ನಂಬರಿನ ಕಂಟ್ರೋಲ್. ನೀವು ನಡುವಿನ ಸಿ ಒತ್ತಿದರೆ ವೈರಿನಲ್ಲಿ ಓಡುವುದು “60, 80” ಅಂತ ಎರಡು ಅಂಕ, ಸದ್ದಲ್ಲ. ಆ ಅಂಕ ಓದಿ ಸದ್ದು ಹುಟ್ಟಿಸುವುದು ಆ ಕಡೆ ಇರುವ ಆ್ಯಪ್‌ನ ಕೆಲಸ. ಆ್ಯಪ್ ತೆರೆದಿಲ್ಲ ಅಂದರೆ ಏನೂ ಕೇಳಿಸುವುದಿಲ್ಲ. ಯುಎಸ್‌ಬಿ ಹಾಕಿದೆ, ಲ್ಯಾಪ್‌ಟಾಪಿನಲ್ಲಿ ಸದ್ದೇ ಬರುತ್ತಿಲ್ಲ ಅಂತ ನಾನು ಮೊದಲ ವಾರ ಒದ್ದಾಡಿದ್ದು ಇದು ಗೊತ್ತಿಲ್ಲದೆ. ಯಮಾಹಾ ಪಿ-125 ನಂಥ ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಒಂದೇ ಯುಎಸ್‌ಬಿ ವೈರು ಸದ್ದನ್ನೂ ಸುದ್ದಿಯನ್ನೂ ಎರಡನ್ನೂ ಒಯ್ಯುತ್ತದೆ.

ಆಂಡ್ರಾಯ್ಡ್ ಫೋನಿಗೆ ಜೋಡಿಸಲು ಪ್ರಿಂಟರ್ ವೈರಿನ ಜೊತೆ ಒಂದು ಒಟಿಜಿ ಕನ್ವರ್ಟರ್ ಬೇಕು, ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ವೈರು ಹಾಕಿದ ಮೇಲೆ ಫೋನಿನ ಮೇಲ್ಭಾಗದಿಂದ ಪರದೆ ಎಳೆದು ಯುಎಸ್‌ಬಿ ಸೆಟ್ಟಿಂಗಿನಲ್ಲಿ ಮಿಡಿ ಇದೆಯೇ ನೋಡಿ. ಚಾರ್ಜಿಂಗ್ ಅಂತ ಇದ್ದರೆ ಬದಲಿಸಿ. ಐಫೋನ್ 15 ಮತ್ತು ಆಮೇಲಿನವುಗಳಲ್ಲಿ ಟೈಪ್-ಸಿ ತೂತೇ ಇದೆ. ಅದಕ್ಕಿಂತ ಹಳೆಯ ಐಫೋನಿಗೆ ಲೈಟ್ನಿಂಗ್‌ನಿಂದ ಯುಎಸ್‌ಬಿಗೆ ಬದಲಿಸುವ ಕ್ಯಾಮೆರಾ ಅಡಾಪ್ಟರ್ ಬೇಕು. ಕ್ಯಾಸಿಯೊ ಪಿಎಕ್ಸ್-ಎಸ್1100 ನಂಥ ಪಿಯಾನೊಗಳಲ್ಲಿ ಚೌಕ ತೂತಿನ ಬದಲು ಮೈಕ್ರೊ ಯುಎಸ್‌ಬಿ ಇರುತ್ತದೆ. ಅಲ್ಲಿ ಒಂದು ಹುಷಾರಿ: ಮನೆಯಲ್ಲಿ ಬಿದ್ದಿರುವ ಹಳೆ ಚಾರ್ಜರ್ ವೈರುಗಳಲ್ಲಿ ಕೆಲವು ಬರೀ ಕರೆಂಟ್ ಒಯ್ಯುತ್ತವೆ, ಡೇಟಾ ಒಯ್ಯುವುದಿಲ್ಲ. ಫೋನಿನಿಂದ ಕಂಪ್ಯೂಟರಿಗೆ ಫೋಟೊ ಕಳಿಸಲು ಬರುವ ವೈರೇ ಬೇಕು.

ಬ್ಲೂಟೂತ್ ಮಿಡಿ ಇದ್ದರೆ ವೈರಿಲ್ಲದೆಯೂ ನಡೆಯುತ್ತದೆ. ಸುದ್ದಿ ಸಣ್ಣದು, ಸದ್ದಿನಷ್ಟು ಭಾರವಲ್ಲ, ಹಾಗಾಗಿ ತಡವೂ ಕಡಿಮೆ. ಐಫೋನ್, ಐಪ್ಯಾಡ್‌ಗಳಲ್ಲಿ ಇದನ್ನು ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹುಡುಕಬೇಡಿ. ಸಂಗೀತದ ಆ್ಯಪ್ ಒಳಗಿನ ಸೆಟ್ಟಿಂಗಿನಿಂದಲೇ ಜೋಡಿಸಬೇಕು.

ಲ್ಯಾಪ್‌ಟಾಪಿಗೆ ಹಾಕಿದಾಗ ಹೆಚ್ಚಿನ ಪಿಯಾನೊಗಳನ್ನು ವಿಂಡೋಸೂ ಮ್ಯಾಕೂ ತಾವೇ ಗುರುತಿಸುತ್ತವೆ. ಏನು ಮಾಡಬಹುದು ಅಂತೀರಾ? ಮ್ಯೂಸ್‌ಸ್ಕೋರ್ ಉಚಿತವಾಗಿ ಸಿಗುತ್ತದೆ, ಕೀ ಒತ್ತಿ ಸ್ವರ ಬರೆಸಬಹುದು. ಆ್ಯಪಲ್‌ನವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ನುಡಿಸಿದ್ದನ್ನು ಮಿಡಿಯಲ್ಲಿ ರೆಕಾರ್ಡ್ ಮಾಡಿದರೆ ತಪ್ಪಿದ ಒಂದು ಸ್ವರವನ್ನು ಮಾತ್ರ ಆಮೇಲೆ ತಿದ್ದಬಹುದು, ವೇಗ ಇಳಿಸಿ ಕೇಳಬಹುದು, ಶ್ರುತಿ ಬದಲಿಸಬಹುದು. ಸದ್ದನ್ನು ರೆಕಾರ್ಡ್ ಮಾಡಿದರೆ ಇಷ್ಟು ಸುಲಭವಾಗಿ ಆಗುವುದಿಲ್ಲ. ನನ್ನ ಮಗಳಿಗೆ ಬಹಳ ಪ್ರಯೋಜನವಾಗಿದ್ದು ಇದೇ. ಎಡಗೈಯನ್ನು ರೆಕಾರ್ಡ್ ಮಾಡಿ, ನಿಧಾನ ಮಾಡಿ, ಅದರ ಮೇಲೆ ಬಲಗೈ ಅಭ್ಯಾಸ ಮಾಡುತ್ತಾಳೆ.

ವಿಂಡೋಸ್‌ನಲ್ಲಿ ಕೀ ಒತ್ತಿ ಸ್ವಲ್ಪ ಹೊತ್ತಿಗೆ ಸದ್ದು ಬಂದರೆ ಅದು ಸೌಂಡ್ ಡ್ರೈವರಿನ ತಡ. ಈ ತಡ ಕಡಿಮೆ ಮಾಡುವ ಆಸಿಯೊ (ASIO) ಡ್ರೈವರ್ ಹಾಕಿಕೊಳ್ಳಿ, ಆಸಿಯೊಫೋರ್‌ಆಲ್ ಉಚಿತವಾಗಿದೆ. ಅದರ ಸೆಟ್ಟಿಂಗಿನಲ್ಲಿ ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕುಗಳ ಲೆಕ್ಕ) ಅನ್ನು 256ಕ್ಕೆ ಇಟ್ಟು ನೋಡಿ. ಸೆಕೆಂಡಿಗೆ 44,100 ತುಣುಕಿನ (ಸ್ಯಾಂಪಲ್) ದರದಲ್ಲಿ ಅದು 6 ಮಿಲಿಸೆಕೆಂಡಿನ ಹತ್ತಿರ. ಟಕ್ ಟಕ್ ಅಂತ ಒಡೆದರೆ 512ಕ್ಕೆ ಏರಿಸಿ, ಚೆನ್ನಾಗಿದ್ದರೆ 128ಕ್ಕೆ ಇಳಿಸಿ.

ಒಂದು ಕೀ ಒತ್ತಿದರೆ ಎರಡು ಪಿಯಾನೊ ಒಟ್ಟಿಗೆ ನುಡಿದ ಹಾಗೆ ಕೇಳಿದರೆ ಪಿಯಾನೊದ ಸ್ವಂತ ಸದ್ದೂ ಕಂಪ್ಯೂಟರಿನ ಸದ್ದೂ ಸೇರಿಕೊಂಡಿವೆ. ಲೋಕಲ್ ಕಂಟ್ರೋಲ್ ಅನ್ನುವುದನ್ನು ಆಫ್ ಮಾಡಿ. ಆಗ ಪಿಯಾನೊ ಸುದ್ದಿ ಮಾತ್ರ ಕಳಿಸುತ್ತದೆ, ತಾನು ನುಡಿಯುವುದಿಲ್ಲ. ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಇಲ್ಲದಿದ್ದರೆ ಮರುದಿನ ಪಿಯಾನೊ ಮೂಕವಾಗಿ ಕೂತಿರಬಹುದು. ಅದು ಕೆಟ್ಟಿದ್ದಲ್ಲ, ಹೆದರಬೇಡಿ.

ಸದ್ದನ್ನೇ ರೆಕಾರ್ಡ್ ಮಾಡಬೇಕೆಂದರೆ ಮತ್ತೆ ಸದ್ದಿನ ವೈರಿಗೆ ಬನ್ನಿ. ಪಿಯಾನೊದಿಂದ, ಸದ್ದನ್ನು ಕಂಪ್ಯೂಟರ್ ಓದುವಂತೆ ಮಾಡುವ ಚಿಕ್ಕ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ, ಅಲ್ಲಿಂದ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಒಂಟಿ ಹೆಡ್‌ಸೆಟ್ ತೂತಿಗೆ ನೇರ ಹಾಕಿದರೆ ಅದು ಮೈಕಿನ ದಾರಿ, ಗುಡಿಯ ಆಂಪ್ಲಿಫೈಯರಿನ ಕಥೆಯೇ ಇಲ್ಲೂ. ಊರಿನ ಅಜ್ಜಿಗೆ ಕಳಿಸುವ ವಿಡಿಯೊ ಆದರೆ ಇಷ್ಟೆಲ್ಲ ಬೇಡ. ಫೋನನ್ನು ಒಂದೂವರೆ ಮೀಟರ್ ದೂರ ಮೆತ್ತನೆ ಬಟ್ಟೆಯ ಮೇಲೆ ಇಟ್ಟು ರೆಕಾರ್ಡ್ ಮಾಡಿ. ಪಿಯಾನೊದ ಮೇಲೆಯೇ ಇಟ್ಟರೆ ಕೀಗಳ ಟಪಟಪ ಜಾಸ್ತಿ ಬರುತ್ತದೆ.

ಧೂಳು

ನಮ್ಮ ಕಡೆ ಬೇಸಿಗೆ ಗಾಳಿಯಲ್ಲಿ ಕಿಟಕಿ ಮುಚ್ಚಿದರೂ ಧೂಳು ಬರುತ್ತದೆ. ನುಡಿಸಿದ ಕೂಡಲೇ ಹತ್ತಿ ಬಟ್ಟೆ ಮುಚ್ಚಿ. ಹಳೆ ಇಳಕಲ್ ಸೀರೆ ಎರಡು ಮಡಿಕೆ ಮಾಡಿದರೆ ಅಳತೆ ಸರಿಹೋಗುತ್ತದೆ. ಒರೆಸಲು ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು. ಗಾಜು ಒರೆಸುವ ಸ್ಪ್ರೇ, ಸ್ಯಾನಿಟೈಜರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಅಮೀನಗಡದ ಕರದಂಟು ತಿಂದ ಕೈಯಲ್ಲಿ ಕೂತರೆ ಅಂಟಿನ ಹಿಂದೆ ಇರುವೆ ಬರುತ್ತವೆ, ಕೀಗಳ ಸಂದಿಯಿಂದ ಅವನ್ನು ಹೊರಗೆ ತರುವುದು ಬಹಳ ಕಷ್ಟ. ಮೊದಲು ಕೈ ತೊಳೆಯಬೇಕು ಅನ್ನುವುದು ನಮ್ಮ ಮನೆಯ ಕಡ್ಡಾಯ ನಿಯಮ.

ಪೇಟಿಯ ಜೊತೆ ಕೂರಿಸುವುದು

ಹಾರ್ಮೋನಿಯಂ ಅಂದ ಕೂಡಲೇ ಬೆಳಗಾವಿಯ ಪಂಡಿತ್ ರಾಮಭಾವು ವಿಜಾಪುರೆ ನೆನಪಾಗುವ ಭಾಗ ನಮ್ಮದು. ಇಲ್ಲಿ ಪಿಯಾನೊ ಬಂದ ಎಷ್ಟೋ ಮನೆಗಳಲ್ಲಿ ಮೊದಲೇ ಪೇಟಿ ಇರುತ್ತದೆ. ಎರಡನ್ನೂ ಒಟ್ಟಿಗೆ ನುಡಿಸುವ ಆಸೆ ಬಂದೇ ಬರುತ್ತದೆ.

ಮೊದಲನೆಯದು ಟ್ರಾನ್ಸ್‌ಪೋಸ್, ಅಂದರೆ ಅವೇ ಕೀ ಒತ್ತಿ ಶ್ರುತಿ ಏರಿಸುವುದು, ಇಳಿಸುವುದು. ಸ್ಕೇಲ್ ಚೇಂಜರ್ ಪೇಟಿಯಲ್ಲಿ ಕೀಬೋರ್ಡ್ ಸರಿಸುತ್ತೇವಲ್ಲ, ಅದೇ ಕೆಲಸವನ್ನು ಪಿಯಾನೊ ಒಂದು ಅಂಕದಿಂದ ಮಾಡುತ್ತದೆ. ಪೇಟಿಯವರು ಸಪ್ತಕದ ಬಿಳಿ ಕೀ, ಕರಿ ಕೀಗಳನ್ನು ಎಡದಿಂದ ಬೇರೆ ಬೇರೆ ಎಣಿಸುತ್ತಾರೆ: ಬಿಳಿ 1 ಅಂದರೆ ಸಿ, ಅದು ಸೊನ್ನೆ. ಹಾಡುವವರು ಕರಿ 1 ಅಂದರೆ ಟ್ರಾನ್ಸ್‌ಪೋಸ್ +1 ಇಟ್ಟು ಬಿಳಿ 1ರಿಂದಲೇ ನುಡಿಸಿ. ಬಿಳಿ 2ಕ್ಕೆ +2, ಕರಿ 2ಕ್ಕೆ +3, ಬಿಳಿ 4ಕ್ಕೆ +5. ಹೆಣ್ಣುಮಕ್ಕಳ ಧ್ವನಿಗೆ ಬಿಳಿ 5, ಕರಿ 4, ಕರಿ 5 ಬರುತ್ತವೆ. ಅವಕ್ಕೆ ಇಳಿಸುವುದು ಹತ್ತಿರ: ಕ್ರಮವಾಗಿ −5, −4, −2. ಸದ್ದು ಕೆಳಗೆ ಹೋಯಿತು ಅನ್ನಿಸಿದರೆ ಒಂದು ಸಪ್ತಕ ಮೇಲೆ ನುಡಿಸಿ. ದಿನದ ಅಭ್ಯಾಸಕ್ಕೆ ಮಾತ್ರ ಇದನ್ನು ಬಳಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಮನೆಯಿಂದಲೂ, ಅಂದರೆ ಎಲ್ಲ ಕೀಗಳಿಂದಲೂ, ನುಡಿಸಲು ಬೆರಳು ಕಲಿಯಬೇಕು.

ರಾಗ ನುಡಿಸುವಾಗ ಪೆಡಲ್‌ನಿಂದ ಕಾಲು ತೆಗೆದಿಡಿ. ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಉಳಿದು ಕಲಸಿಹೋಗುತ್ತದೆ.

ಎರಡನೆಯದು ಟ್ಯೂನಿಂಗ್. ಪಿಯಾನೊ ಬರುವುದು ಬಿಳಿ 6, ಅಂದರೆ ಎ, 440 ಹರ್ಟ್ಸ್‌ಗೆ ಹೊಂದಿಕೊಂಡು. ಹಳೆ ಪೇಟಿಗಳು ಹಾಗೇ ಇರಬೇಕೆಂದಿಲ್ಲ. ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ. ಪಿಯಾನೊದಲ್ಲಿ ಆರ್ಗನ್ ಸ್ವರ ಆರಿಸಿ, ಯಾಕೆಂದರೆ ಪಿಯಾನೊದ ಸ್ವರ ಬೇಗ ಆರಿಹೋಗುತ್ತದೆ. ಒಬ್ಬರು ಪೇಟಿಯ ನಡು ಸಪ್ತಕದ ಬಿಳಿ 6 ಒಂದೇ ಸಮ ಎಳೆಯಲಿ, ಇನ್ನೊಬ್ಬರು ಪಿಯಾನೊದಲ್ಲಿ ಅದೇ ಸ್ವರ ಒತ್ತಿ ಹಿಡಿಯಲಿ. ವಾಂವ್ ವಾಂವ್ ಅಂತ ಅಲೆ ಕೇಳಿಸುತ್ತದೆ. ಗಡಿಯಾರ ನೋಡಿ ಹತ್ತು ಸೆಕೆಂಡಿನಲ್ಲಿ ಎಷ್ಟು ಅಲೆ ಎಣಿಸಿ, ಹತ್ತರಿಂದ ಭಾಗಿಸಿ. ಸೆಕೆಂಡಿಗೆ ಮೂರು ಅಲೆ ಅಂದರೆ ಮೂರು ಹರ್ಟ್ಸ್ ವ್ಯತ್ಯಾಸ. ಪಿಯಾನೊದ ಟ್ಯೂನಿಂಗ್ ಅಂಕವನ್ನು 441 ಮಾಡಿ ನೋಡಿ. ಅಲೆ ನಿಧಾನವಾದರೆ ಸರಿಯಾದ ದಿಕ್ಕು, ಜೋರಾದರೆ 439ರ ಕಡೆ ಹೋಗಿ. ಅಲೆ ಪೂರ್ತಿ ಸಪಾಟಾಗುವ ತನಕ ಸಣ್ಣ ಸಣ್ಣ ಹೆಜ್ಜೆ ಇಡಿ. ಕೊನೆಗೆ ಹಾಡುವ ಷಡ್ಜದಲ್ಲಿ ಒಮ್ಮೆ ಪರೀಕ್ಷಿಸಿ. ಪೇಟಿಯ ಎಲ್ಲ ಸ್ವರಗಳೂ ಪಿಯಾನೊಗೆ ಒಂದೇ ಸಮ ಹೊಂದುವುದಿಲ್ಲ. ಷಡ್ಜ ಮತ್ತು ಪಂಚಮ ಕೂತರೆ ಕಿವಿಗೆ ಸಾಕು.

ನಮ್ಮ ಮನೆಯಲ್ಲಿ ಇದನ್ನು ಮಾಡಿದ ದಿನ ಅಲೆ ನಿಂತ ಗಳಿಗೆ ಮಾವನವರು ಬಾತೆ (ಪೇಟಿಯ ತಿದಿ) ಹಾಕುವ ಕೈಯನ್ನು ನಿಲ್ಲಿಸದೆ ತಲೆ ಮಾತ್ರ ಆಡಿಸಿದರು. ಆಗ ಪಿಯಾನೊದ ಅಂಕ 442.6 ಇತ್ತು. ಆಫ್ ಮಾಡಿದರೆ ಅದು 440ಕ್ಕೆ ಮರಳಿಬಿಡುತ್ತದೆ. ಅದಕ್ಕೇ ಒಂದು ಚೀಟಿಯಲ್ಲಿ ಬರೆದು ಪಿಯಾನೊದ ಎಡಬದಿಗೆ ಅಂಟಿಸಿದ್ದೇವೆ: 442.6, ಟ್ರಾನ್ಸ್‌ಪೋಸ್ +1, ರಿವರ್ಬ್ ಆಫ್. ಸೋಮವಾರ ಭಜನೆಯವರು ಬರುವ ಹತ್ತು ನಿಮಿಷ ಮುಂಚೆ ಮಗಳೇ ಅದನ್ನು ನೋಡಿ ಹಾಕಿಡುತ್ತಾಳೆ.